ಸೇನಾ ಪಾದ್ರಿಗೆ ಕತ್ತಿ ಬೇಕಿತ್ತೇ? ಪರ-ವಿರೋಧ

ಅಮೆರಿಕದ ಉತ್ತರ ಮತ್ತು ದಕ್ಷಿಣ ರಾಜ್ಯಗಳ ನಡುವೆ ಅಂತರ್ಯುದ್ಧ ನಡೆದದ್ದು 1861ರಿಂದ 1865ರವರೆಗೆ. ಉತ್ತರದ ಸೇನೆ ತನ್ನ ಪಾದ್ರಿಗಳಿಗೆ ಗೊತ್ತುಮಾಡಿದ ಉಡುಪು ತೀರಾ ಸಾದಾ. ಒಂದೇ ಸಾಲಿನಲ್ಲಿ ಒಂಬತ್ತು ಕಪ್ಪು ಗುಂಡಿಗಳಿದ್ದ ಉದ್ದನೆಯ ಕಪ್ಪು ಕೋಟು, ಕಪ್ಪು ಪ್ಯಾಂಟು, ಅಲಂಕಾರವಿಲ್ಲದ ಟೋಪಿ. ಕತ್ತಿಯ ಮಾತೇ ಇಲ್ಲ. ಆದರೂ ಆ ಕಾಲದ ಫೋಟೋಗಳಲ್ಲಿ ಕತ್ತಿ, ಸೊಂಟಪಟ್ಟಿ, ಭುಜಪಟ್ಟಿ ಎಲ್ಲ ಧರಿಸಿ ನಿಂತ ಪಾದ್ರಿಗಳು ಸಿಗುತ್ತಾರೆ. ಅವರು ಮಾಡಿದ್ದು ಸರಿಯೇ?

ಪರ

ಕತ್ತಿ ಅಂದ ಕೂಡಲೇ ನಮಗೆ ರಕ್ತ ನೆನಪಾಗುತ್ತದೆ. ಆದರೆ ಆ ಯುದ್ಧದಲ್ಲಿ ಜೀವ ತೆಗೆದದ್ದು ಬಂದೂಕು, ಫಿರಂಗಿ, ಅವೆರಡಕ್ಕಿಂತ ಜಾಸ್ತಿ ರೋಗ. ಅಧಿಕಾರಿಯ ಸೊಂಟದ ಕತ್ತಿ ಬಹುಮಟ್ಟಿಗೆ ದರ್ಜೆಯ ಗುರುತು. ಸಂಬಳ ಹಂಚುವ ಪೇಮಾಸ್ಟರ್‌ಗೂ ಕತ್ತಿ ಇತ್ತು. ವೈದ್ಯರಿಗೆಂದೇ 1840ರ ಮಾದರಿಯ ಬೇರೆ ಕತ್ತಿ ಇತ್ತು. ಅದರ ಅಲಗು ಎಷ್ಟು ಸಪೂರ ಅಂದರೆ, ಅದನ್ನು ಹಿಡಿದು ಯಾರೂ ಕಾದಾಡುವಂತಿರಲಿಲ್ಲ. ಪ್ರಾಣ ಉಳಿಸುವವನಿಗೆ ಒಪ್ಪಿದ ಕತ್ತಿ ಪ್ರಾರ್ಥನೆ ಮಾಡಿಸುವವನಿಗೆ ಯಾಕೆ ಒಪ್ಪುವುದಿಲ್ಲ?

ಇನ್ನೊಂದು ಮಾತು. ಶುರುವಿನಲ್ಲಿ ಪಾದ್ರಿಗೆ ಅಶ್ವದಳದ ಕ್ಯಾಪ್ಟನ್ ಸಂಬಳ ಕೊಟ್ಟರು, 1862ರಲ್ಲಿ ಅದನ್ನು ತಿಂಗಳಿಗೆ 100 ಡಾಲರಿಗೆ ಇಳಿಸಿದರು. ದರ್ಜೆ ಯಾವುದು ಅನ್ನುವುದು ಮಾತ್ರ ಗೋಜಲಾಗಿಯೇ ಇತ್ತು. 1864ರ ಏಪ್ರಿಲ್‌ನ ಕಾಯ್ದೆ ಬಂದ ಮೇಲೆ ‘ಆಜ್ಞೆಯ ಅಧಿಕಾರವಿಲ್ಲದ ದರ್ಜೆ’ ಅಂತ ಒಂದು ಸಿಕ್ಕಿತು. ಗಾಯಾಳುಗಳಿಗೆ ಕಂಬಳಿ ಬೇಕು, ಗಾಡಿ ಬೇಕು ಅಂತ ಕೇಳಲು ಹೋದ ಕಪ್ಪು ಕೋಟಿನವನನ್ನು ಉಗ್ರಾಣದವನು ಎಷ್ಟು ಹೊತ್ತು ಕಾಯಿಸಿರಬಹುದು, ಊಹಿಸಿ. ಅದೇ ವರ್ಷ ಆಗಸ್ಟ್‌ನಲ್ಲಿ ಸೇನೆಯೇ ಆ ಕೋಟಿಗೆ ಕಪ್ಪು ಕಸೂತಿ ಪಟ್ಟಿ, ಟೋಪಿಗೆ ಚಿನ್ನದ ದಾರದ ಲಾಂಛನ ಸೇರಿಸಿತು. ಬರೀ ಸಾದಾ ಉಡುಪು ಸಾಲದು ಅಂತ ಒಪ್ಪಿಕೊಂಡ ಹಾಗಾಯಿತು ಅಲ್ವಾ?

ವಿರೋಧ

ವೈದ್ಯನ ಹೋಲಿಕೆ ಇಲ್ಲಿ ನಿಲ್ಲುವುದಿಲ್ಲ. ವೈದ್ಯನಿಗೆ ಆಸ್ಪತ್ರೆಯಲ್ಲಿ ಆಜ್ಞೆ ಮಾಡಲು ಆಳುಗಳಿದ್ದರು. ಪಾದ್ರಿ ಯಾರಿಗೆ ಆಜ್ಞೆ ಮಾಡಬೇಕು? ಕಾವಲು ಬಿಟ್ಟು ಓಡಿಹೋಗುವ ಮನಸ್ಸಾಗಿದೆ ಅಂತ ಒಬ್ಬ ಹುಡುಗ ಹೇಳಿಕೊಳ್ಳಬೇಕಾದರೆ, ಕೇಳುವವನು ಅಧಿಕಾರಿಯಂತೆ ಕಾಣಬಾರದು.

ಕತ್ತಿ ಸುಮ್ನೆ ಗುರುತು ಅಂತ ಹೇಳುವುದು ಸುಲಭ. ಆಯುಧ ಕೈಗೆ ಬಂದರೆ ಕೆಲಸವೇ ಬದಲಾಗುತ್ತದೆ. ಮ್ಯಾಸಚೂಸೆಟ್ಸ್‌ನ 16ನೇ ರೆಜಿಮೆಂಟಿನ ಪಾದ್ರಿ ಆರ್ಥರ್ ಫುಲ್ಲರ್ ಅನಾರೋಗ್ಯದಿಂದ ಸೇವೆಯಿಂದ ಬಿಡುಗಡೆ ಪಡೆದಿದ್ದರು. ಅದರ ಮರುದಿನ, 1862ರ ಡಿಸೆಂಬರ್ 11ರಂದು, ಫ್ರೆಡರಿಕ್ಸ್‌ಬರ್ಗ್‌ನಲ್ಲಿ ಬಂದೂಕು ಹಿಡಿದು ನದಿ ದಾಟಿದರು. ಆ ಊರಿನ ಬೀದಿಯಲ್ಲೇ ಗುಂಡಿಗೆ ಬಲಿಯಾದರು. ಧೈರ್ಯ ದೊಡ್ಡದು, ನಿಜ. ಆದರೆ ಬಂದೂಕು ಹಿಡಿಯುವವರು ಅಲ್ಲಿ ಸಾವಿರಾರು ಜನ ಇದ್ದರು. ನನಗೆ ಇನ್ನೊಬ್ಬ ಪಾದ್ರಿ ಫ್ರಾನ್ಸಿಸ್ ಹಾಲ್ ಜಾಸ್ತಿ ಇಷ್ಟ. 1863ರ ಮೇ 3ರಂದು, ಸೇಲಂ ಹೈಟ್ಸ್ ಕದನದಲ್ಲಿ, ಗುಂಡು ಹಾರುತ್ತಿದ್ದಾಗಲೇ ಅವರು ತಮ್ಮ ಕುದುರೆಯ ಮೇಲೆ ಗಾಯಾಳುಗಳನ್ನು ಹೊರತಂದರು. ಪಾದ್ರಿಯಾಗಿಯೇ ಅಮೆರಿಕದ ಅತ್ಯುನ್ನತ ಸೇನಾ ಪದಕ ಮೆಡಲ್ ಆಫ್ ಆನರ್ ಪಡೆದರು. ಅದೇ ವರ್ಷ ಜುಲೈ 2ರಂದು ಗೆಟ್ಟಿಸ್‌ಬರ್ಗ್‌ನಲ್ಲಿ ಫಾದರ್ ವಿಲಿಯಂ ಕಾರ್ಬಿ ಬಂಡೆಯ ಮೇಲೆ ನಿಂತು ಐರಿಷ್ ಬ್ರಿಗೇಡಿಗೆ ಪಾಪಕ್ಷಮೆ ನೀಡಿದರು. ಅದಕ್ಕೆ ಬೇಕಾದದ್ದು ಕೊರಳಲ್ಲಿ ಒಂದು ಸ್ಟೋಲು (ಪಾದ್ರಿಗಳು ಹಾಕಿಕೊಳ್ಳುವ ಉದ್ದನೆಯ ಬಟ್ಟೆಯ ಪಟ್ಟಿ), ಅಷ್ಟೇ.

ಸೆರೆಯ ಪ್ರಶ್ನೆಯೂ ಇದೆ. ಸೆರೆಸಿಕ್ಕ ಪಾದ್ರಿಗಳನ್ನು ಬಿಟ್ಟುಬಿಡಿ ಅಂತ 1862ರಲ್ಲಿ ಉತ್ತರದ ಸರ್ಕಾರ ಆದೇಶ ಹೊರಡಿಸಿತು. 1864ರ ಜಿನೀವಾ ಒಪ್ಪಂದ ಗಾಯಾಳುಗಳ ನಡುವೆ ದುಡಿಯುವ ಪಾದ್ರಿಯನ್ನು ತಟಸ್ಥ ಅಂತ ಕರೆಯಿತು. ಅಮೆರಿಕ ಅದಕ್ಕೆ ಸೇರಿದ್ದು 1882ರಲ್ಲಿ, ಅದು ಬೇರೆ ಮಾತು. ದೂರದಿಂದ ಗುರಿ ಇಡುವ ಶತ್ರುವಿಗೆ ಸಪೂರ ಅಲಗು, ದಪ್ಪ ಅಲಗು ಅಂತ ಭೇದ ಕಾಣುತ್ತದೆಯೇ? ಕತ್ತಿ ಕಂಡರೆ ಅಧಿಕಾರಿ ಅಂತಲೇ ಹೊಡೆಯುತ್ತಾನೆ.

ಕತ್ತಿ ಬೇಕೇ ಬೇಕು ಅನ್ನುವವರಿಗೆ ದಾರಿ ಇತ್ತು. ಲೂಸಿಯಾನದ ಬಿಷಪ್ ಲಿಯೋನಿಡಾಸ್ ಪೋಕ್ ದಕ್ಷಿಣದ ಸೇನೆಯಲ್ಲಿ ಜನರಲ್ ಆಗಿಯೇ ಸೇರಿದರು, 1864ರಲ್ಲಿ ಫಿರಂಗಿಗೆ ಸಿಕ್ಕಿ ಸತ್ತರು. ಬಿಷಪ್ ಹಾಗೆ ಮಾಡಬಹುದಿತ್ತೇ ಅಂತ ವಾದ ಮಾಡಬಹುದು. ಆದರೆ ಮುಂದೆ ನಿಂತಿರುವವರು ಪಾದ್ರಿಯೋ ಅಧಿಕಾರಿಯೋ ಅನ್ನುವ ಗೊಂದಲ ಅವರ ಸೈನಿಕರಿಗಂತೂ ಇರಲಿಲ್ಲ.