ಸತ್ಯಾಂಶ: ಚೆಸ್ ಎಂಜಿನ್‌ಗೆ ಮೊದಲ ನಡೆಯಲ್ಲೇ ಚೆಕ್‌ಮೇಟ್ ಕಾಣುತ್ತದೆಯೇ?

"ಎಂಜಿನ್ ಆಟದ ಎಲ್ಲ ನಡೆಗಳನ್ನೂ ಕೊನೆವರೆಗೆ ನೋಡಿಬಿಟ್ಟಿರುತ್ತದೆ" ಎನ್ನುವ ಫಾರ್ವರ್ಡ್ ನಿಜವಲ್ಲ. ಎಂಜಿನ್ ಅಂದರೆ ಚೆಸ್ ಆಡುವ ಕಂಪ್ಯೂಟರ್ ಪ್ರೋಗ್ರಾಂ. ಸಾಧ್ಯವಿರುವ ಆಟಗಳು 1ರ ಮುಂದೆ 120 ಸೊನ್ನೆ ಹಾಕಿದಷ್ಟು ಎಂದು ಗಣಿತಜ್ಞ ಕ್ಲಾಡ್ ಶಾನನ್ 1950ರಲ್ಲೇ ಅಂದಾಜಿಸಿದ್ದರು. ಅಷ್ಟನ್ನು ಯಾವ ಯಂತ್ರವೂ ನೋಡಿ ಮುಗಿಸಲಾರದು.

ಮೇಟ್ ಖಚಿತ ಎನ್ನಲು ನಮ್ಮದು ಒಂದು ಒಳ್ಳೆಯ ನಡೆ ಸಾಕು. ಆದರೆ ಎದುರಾಳಿಯ ಪ್ರತಿಯೊಂದು ಉತ್ತರಕ್ಕೂ ಮೇಟ್ ಸಿಗಬೇಕು. ಒಂದರಲ್ಲಿ ರಾಜ ತಪ್ಪಿಸಿಕೊಂಡರೂ ಆ ದಾರಿ ಬಿಟ್ಟಂತೆ, ಉಳಿದ ಉತ್ತರಗಳನ್ನು ಎಂಜಿನ್ ಸುಮ್ನೆ ನೋಡುತ್ತಾ ಕೂರುವುದಿಲ್ಲ. ಚೆಕ್ ಕೊಟ್ಟಾಗ ಎದುರಾಳಿಗೆ ಉಳಿಯುವ ನಡೆಗಳೇ ಕಡಿಮೆ ಅಲ್ವಾ? ಅದಕ್ಕೇ ಅಲ್ಲಿ ಜಾಸ್ತಿ ಆಳಕ್ಕೆ ಇಳಿಯುತ್ತದೆ. ತನ್ನದೇ ಕಾಯಿಗಳ ನಡುವೆ ಮೂಲೆಯಲ್ಲಿ ಸಿಕ್ಕಿಬಿದ್ದ ರಾಜನ ಪಕ್ಕದಲ್ಲೇ ಕುದುರೆಯ ಬೆಂಬಲದಿಂದ ಮಂತ್ರಿ ಚೆಕ್ ಕೊಟ್ಟಿತು ಅನ್ನಿ. ಎದುರಾಳಿಯ ಆನೆ ಅದನ್ನು ಹೊಡೆಯಲೇಬೇಕು, ಬೇರೆ ನಡೆಯೇ ಇಲ್ಲ. ಮರುನಡೆಯಲ್ಲೇ ಕುದುರೆಯಿಂದ ಮೇಟ್!

ರಾಜರೂ ಸೇರಿ 7 ಅಥವಾ ಅದಕ್ಕಿಂತ ಕಡಿಮೆ ಕಾಯಿ ಉಳಿದಾಗ ಮಾತ್ರ, ಮೊದಲೇ ಲೆಕ್ಕ ಹಾಕಿಟ್ಟ ಕೋಷ್ಟಕದಲ್ಲಿ ಪೂರ್ತಿ ಉತ್ತರ ಸಿಗುತ್ತದೆ.