ಹಾರ್ಮೋನ್ ಚಿಕಿತ್ಸೆಯ ಭಯ ಬಂತು, ಅದರ ಲೆಕ್ಕ ಬರಲಿಲ್ಲ

ನಮ್ಮ ತೀರ್ಥಹಳ್ಳಿ, ಸಾಗರದ ಕಡೆ ಮುಟ್ಟು ನಿಲ್ಲುವ ಕಾಲದ ತೊಂದರೆಗಳಿಗೆ ಹಾರ್ಮೋನ್ ಚಿಕಿತ್ಸೆಯ ಮಾತೆತ್ತಿದರೆ ಸಿಗುವ ಉತ್ತರ ಸಾಮಾನ್ಯವಾಗಿ ಒಂದೇ: “ಅದೆಲ್ಲ ಬೇಡ ಮಾರಾಯ್ತಿ, ಕ್ಯಾನ್ಸರ್ ಬರ್ತದಂತೆ.” ಈ ಭಯ ನಿರಾಧಾರವೆಂದು ನಾನು ಹೇಳುವುದಿಲ್ಲ. ಆದರೆ ಭಯ ಬಂದಷ್ಟು ಸಲೀಸಾಗಿ ಅದರ ಹಿಂದಿನ ಲೆಕ್ಕ ನಮ್ಮೂರಿನವರೆಗೆ ಬರಲಿಲ್ಲ. ಯಾರಿಗೆ ಆ ಲೆಕ್ಕ ಅನ್ವಯಿಸುವುದೇ ಇಲ್ಲವೋ ಅಂಥ ಹೆಂಗಸರೇ ಅದರಿಂದ ಹೆಚ್ಚು ನಷ್ಟ ಅನುಭವಿಸುತ್ತಿದ್ದಾರೆ ಎಂಬುದು ನನ್ನ ತಕರಾರು.

ಭಯದ ಮೂಲ 2002ರ ಜುಲೈಯಲ್ಲಿದೆ. ಅಮೆರಿಕದ ‘ವಿಮೆನ್ಸ್ ಹೆಲ್ತ್ ಇನಿಶಿಯೇಟಿವ್’ ಅಧ್ಯಯನದಲ್ಲಿ ಗರ್ಭಕೋಶವಿರುವ 16,608 ಮಹಿಳೆಯರಲ್ಲಿ ಅರ್ಧದಷ್ಟು ಮಂದಿಗೆ ಈಸ್ಟ್ರೋಜನ್ (ಮುಟ್ಟು ನಿಂತಾಗ ದೇಹದಲ್ಲಿ ಕುಸಿಯುವ ಹೆಣ್ಣು ಹಾರ್ಮೋನ್) ಮತ್ತು ಪ್ರೊಜೆಸ್ಟಿನ್ ಎಂಬ ಇನ್ನೊಂದು ಹಾರ್ಮೋನ್ ಸೇರಿದ ಮಾತ್ರೆಯನ್ನೂ ಉಳಿದವರಿಗೆ ಔಷಧವಿಲ್ಲದ ಹುಸಿ ಮಾತ್ರೆಯನ್ನೂ ಕೊಡಲಾಗಿತ್ತು. ಸರಾಸರಿ ಐದು ವರ್ಷ ಕಳೆಯುವಷ್ಟರಲ್ಲಿ ಲಾಭಕ್ಕಿಂತ ಅಪಾಯ ಹೆಚ್ಚೆಂದು ಕಂಡು ಪ್ರಯೋಗವನ್ನು ಅರ್ಧದಲ್ಲೇ ನಿಲ್ಲಿಸಿದರು. ಸ್ತನ ಕ್ಯಾನ್ಸರ್ ಶೇ. 26ರಷ್ಟು ಹೆಚ್ಚಾಯಿತೆಂಬ ಸುದ್ದಿ ಜಗತ್ತನ್ನೆಲ್ಲ ಸುತ್ತಿತು. ಅದೇ ಸಂಗತಿಯನ್ನು ಇನ್ನೊಂದು ರೀತಿಯಲ್ಲೂ ಹೇಳಬಹುದಿತ್ತು: ಹುಸಿ ಮಾತ್ರೆ ತೆಗೆದುಕೊಂಡವರಲ್ಲಿ ವರ್ಷಕ್ಕೆ 10,000ಕ್ಕೆ 30 ಮಂದಿಗೆ ಬರುತ್ತಿದ್ದ ಕಾಯಿಲೆ, ಮಾತ್ರೆ ತೆಗೆದುಕೊಂಡವರಲ್ಲಿ 38 ಮಂದಿಗೆ ಬಂತು. ಪಾರ್ಶ್ವವಾಯುವೂ ಶ್ವಾಸಕೋಶದಲ್ಲಿ ರಕ್ತ ಹೆಪ್ಪುಗಟ್ಟುವುದೂ ಹೆಚ್ಚುಕಡಿಮೆ ಅಷ್ಟೇ ಪ್ರಮಾಣದಲ್ಲಿ ಏರಿದವು. ಸೊಂಟದ ಮೂಳೆ ಮುರಿತ 10,000ಕ್ಕೆ 5ರಷ್ಟು ಇಳಿಯಿತು. ಎಂಟು ಮಂದಿ ಎಂದರೆ ಕಡಿಮೆಯೇನಲ್ಲ, ಆ ಎಂಟರಲ್ಲಿ ತಾನೂ ಒಬ್ಬಳಾದವಳಿಗಂತೂ ಅಲ್ಲವೇ ಅಲ್ಲ. ಆದರೂ ಕೇಳಿದವರು ಊಹಿಸಿಕೊಂಡದ್ದು ಇದಕ್ಕಿಂತ ಬಹಳ ದೊಡ್ಡ ಅಪಾಯವನ್ನು.

ಇದಕ್ಕಿಂತ ಮುಖ್ಯವಾದ ವಿಷಯವೆಂದರೆ ಆ ಮಹಿಳೆಯರ ಸರಾಸರಿ ವಯಸ್ಸು 63. ನಮ್ಮ ದೇಶದಲ್ಲಿ ಮುಟ್ಟು ನಿಲ್ಲುವುದು ಸರಾಸರಿ 46-47ರ ಆಸುಪಾಸಿನಲ್ಲಿ. ಮುಟ್ಟು ನಿಂತು ಹತ್ತು-ಹನ್ನೆರಡು ವರ್ಷ ಕಳೆದ, ರಕ್ತನಾಳಗಳು ಆಗಲೇ ಗಡುಸಾಗತೊಡಗಿದ ದೇಹಕ್ಕೆ ಹೊಸದಾಗಿ ಹಾರ್ಮೋನ್ ಕೊಡುವುದಕ್ಕೂ, ಈಗಷ್ಟೇ ಮುಟ್ಟು ನಿಂತವಳಿಗೆ ಕೊಡುವುದಕ್ಕೂ ವ್ಯತ್ಯಾಸವಿದೆ. ಮುಂದಿನ ವರ್ಷಗಳ ವಿಶ್ಲೇಷಣೆಯಿಂದ ಗಟ್ಟಿಯಾದ ನಿಲುವು ಇದು: ಅರವತ್ತರೊಳಗಿನವರಿಗೆ ಅಥವಾ ಮುಟ್ಟು ನಿಂತು ಹತ್ತು ವರ್ಷ ಮೀರದವರಿಗೆ, ಬೇರೆ ಅಡ್ಡಿಯಿಲ್ಲದಿದ್ದರೆ, ತೀವ್ರವಾದ ಮೈಝಳ (ಇದ್ದಕ್ಕಿದ್ದಂತೆ ಮೈ ಬಿಸಿಯೇರುವುದು) ಮತ್ತು ರಾತ್ರಿ ಬೆವರಿಗೆ ಈ ಚಿಕಿತ್ಸೆಯ ಲಾಭ ಅಪಾಯಕ್ಕಿಂತ ಹೆಚ್ಚು. ಅಂದಿನ ಮಾತ್ರೆಯಲ್ಲಿದ್ದ ಈಸ್ಟ್ರೋಜನ್ ಗಬ್ಬದ ಕುದುರೆಯ ಮೂತ್ರದಿಂದ ತೆಗೆದದ್ದು (ಪಂಚಗವ್ಯದ ನಾಡಿನವರಾದ ನಾವು ಇದಕ್ಕೆ ಬೆಚ್ಚಬೇಕಾಗಿಲ್ಲ). ಈಗ ನಮ್ಮ ಅಂಡಾಶಯವೇ ಉತ್ಪಾದಿಸುವ ಎಸ್ಟ್ರಡಯಾಲ್ ಎಂಬ ಈಸ್ಟ್ರೋಜನ್ ಚರ್ಮಕ್ಕೆ ಸವರುವ ಜೆಲ್ ರೂಪದಲ್ಲೂ ಇದೆ. ಅದು ಮಾತ್ರೆಯಂತೆ ಮೊದಲು ಪಿತ್ತಜನಕಾಂಗವನ್ನು ಹಾದುಹೋಗದ ಕಾರಣ ರಕ್ತ ಹೆಪ್ಪುಗಟ್ಟುವ ಅಪಾಯ ಅದರಲ್ಲಿ ಕಡಿಮೆ ಎಂದು ಇದುವರೆಗಿನ ಅವಲೋಕನಗಳು ಹೇಳುತ್ತವೆ.

ಮೈಝಳ ಎಂದರೆ ಸ್ವಲ್ಪ ಸೆಕೆ ಎಂದುಕೊಂಡ ಗಂಡಸರು ಅಡಿಕೆ ಕೊಯ್ಲಿನ ಕಾಲದಲ್ಲಿ ಒಮ್ಮೆ ಸುಲಿಯುವ ಹೆಂಗಸರ ಸಾಲಿನಲ್ಲಿ ಕೂತು ನೋಡಬೇಕು. ಡಿಸೆಂಬರಿನ ಚಳಿಯಲ್ಲಿ ರಾತ್ರಿ ಹತ್ತರ ಮೇಲೆ ಮೆಟ್ಟುಗತ್ತಿಯ ಮುಂದೆ ಕೂತವಳು ಇದ್ದಕ್ಕಿದ್ದಂತೆ ಸ್ವೆಟರ್ ಕಿತ್ತೆಸೆಯುತ್ತಾಳೆ, ಕತ್ತಿನ ಹಿಂದಿನಿಂದ ಬೆವರು ಇಳಿದು ರವಿಕೆ ಒದ್ದೆಯಾಗುತ್ತದೆ, ಐದು ನಿಮಿಷದಲ್ಲಿ ನಡುಗುತ್ತಾ ಅದೇ ಸ್ವೆಟರನ್ನು ಹುಡುಕುತ್ತಾಳೆ. ಮಲಗಿದ ಮೇಲೂ ಇದೇ ಪಾಡು, ಮರುದಿನ ಬೆಳಿಗ್ಗೆ ಐದಕ್ಕೆ ಮತ್ತೆ ಕೊಟ್ಟಿಗೆ ಕೆಲಸ. ಹಲವರಲ್ಲಿ ಇದು ಏಳೆಂಟು ವರ್ಷ ನಡೆಯುತ್ತದೆ. ಇದನ್ನು ‘ಎಲ್ಲರಿಗೂ ಆಗುವುದೇ’ ಎಂದು ತಳ್ಳಿಹಾಕುವವರಿಗೆ ಅಪಾಯದ ಬಗ್ಗೆ ಉಪದೇಶಿಸುವ ಹಕ್ಕು ಎಲ್ಲಿಂದ ಬಂತೋ ನನಗೆ ತಿಳಿಯದು.

ನನ್ನ ಚಿಕ್ಕಮ್ಮನ ಮಗಳ ವಿಷಯ ಹೇಳಬೇಕು. ನಲವತ್ತು ತುಂಬುವ ಮೊದಲೇ ಅತಿಯಾದ ರಕ್ತಸ್ರಾವಕ್ಕೆಂದು ಒಂದು ನರ್ಸಿಂಗ್ ಹೋಮಿನಲ್ಲಿ ಅವಳ ಗರ್ಭಕೋಶ ತೆಗೆದರು. ವರ್ಷಗಳ ಮೇಲೆ, ಅವಳು ಪ್ಲಾಸ್ಟಿಕ್ ಕವರಿನಲ್ಲಿ ಮಡಚಿಟ್ಟಿದ್ದ ಡಿಸ್ಚಾರ್ಜ್ ಚೀಟಿಯನ್ನು ಬಿಡಿಸಿ ನೋಡಿದಾಗ ‘ಟಿಎಎಚ್’ ಎಂಬುದರ ಪಕ್ಕದಲ್ಲಿ ‘ಬಿಎಸ್‌ಒ’ ಎಂದೂ ಬರೆದಿತ್ತು. ಗರ್ಭಕೋಶದ ಜೊತೆಗೆ ಎರಡೂ ಅಂಡಾಶಯಗಳನ್ನು ತೆಗೆಯಲಾಗಿದೆ ಎಂದು ಅದರರ್ಥ. ಅವಳಿಗದು ಗೊತ್ತೇ ಇರಲಿಲ್ಲ. ಅಂದರೆ ಒಂದೇ ದಿನದಲ್ಲಿ ಅವಳು ಋತುಬಂಧಕ್ಕೆ ದೂಡಲ್ಪಟ್ಟಿದ್ದಳು. ಕೈಗೆ ಸಿಕ್ಕಿದ್ದು ಕಬ್ಬಿಣದ ಮಾತ್ರೆ, ಕ್ಯಾಲ್ಸಿಯಂ ಮಾತ್ರೆ ಮತ್ತು ಭಾರ ಎತ್ತಬೇಡ ಎಂಬ ಸಲಹೆ.

2002ರ ಲೆಕ್ಕ ಇಂಥವಳಿಗೆ ಸಂಬಂಧಿಸಿದ್ದೇ ಅಲ್ಲ. ಅಷ್ಟು ಚಿಕ್ಕ ವಯಸ್ಸಿನಲ್ಲಿ ಈಸ್ಟ್ರೋಜನ್ ಇಲ್ಲವಾದರೆ ಮೂಳೆ ಸವೆತದ ಹಾಗೂ ಹೃದ್ರೋಗದ ಅಪಾಯ ಏರುತ್ತದೆ. ಆದ್ದರಿಂದ ಅಡ್ಡಿಯಿಲ್ಲದಿದ್ದರೆ ಮುಟ್ಟು ಸಹಜವಾಗಿ ನಿಲ್ಲುವ ವಯಸ್ಸಿನವರೆಗಾದರೂ ಹಾರ್ಮೋನ್ ಕೊಡಬೇಕೆಂಬುದು ವೈದ್ಯಲೋಕದ ಒಪ್ಪಿತ ಮಾರ್ಗಸೂಚಿ. ಪ್ರೊಜೆಸ್ಟಿನ್ ಸೇರಿಸುವುದು ಗರ್ಭಕೋಶದ ಒಳಪದರವನ್ನು ಕ್ಯಾನ್ಸರಿನಿಂದ ಕಾಯಲು. ಗರ್ಭಕೋಶವೇ ಇಲ್ಲದವಳಿಗೆ ಸಾಮಾನ್ಯವಾಗಿ ಈಸ್ಟ್ರೋಜನ್ ಒಂದೇ ಸಾಕು. ಅದೇ ಅಮೆರಿಕದ ಅಧ್ಯಯನದ ಇನ್ನೊಂದು ಗುಂಪಿನಲ್ಲಿ, ಗರ್ಭಕೋಶ ತೆಗೆಸಿಕೊಂಡು ಈಸ್ಟ್ರೋಜನ್ ಮಾತ್ರ ಪಡೆದವರಲ್ಲಿ, ಪಾರ್ಶ್ವವಾಯು ಹೆಚ್ಚಿತಾದರೂ ಸ್ತನ ಕ್ಯಾನ್ಸರ್ ಹೆಚ್ಚಲಿಲ್ಲ. ಇದು 2004ರಲ್ಲೇ ಪ್ರಕಟವಾದ ವಿಷಯ.

ಹಾಗೆಂದು ಎಲ್ಲರೂ ಜೆಲ್ ಹಚ್ಚಿಕೊಳ್ಳಿ ಎನ್ನುವ ಪೈಕಿ ನಾನಲ್ಲ. ಸ್ತನ ಕ್ಯಾನ್ಸರ್ ಬಂದವರು, ಹೃದಯಾಘಾತ, ಪಾರ್ಶ್ವವಾಯು ಅಥವಾ ಕಾಲಿನ ರಕ್ತನಾಳದಲ್ಲಿ ಹೆಪ್ಪುಗಟ್ಟಿದ ಇತಿಹಾಸವಿರುವವರು, ಪಿತ್ತಜನಕಾಂಗದ ಕಾಯಿಲೆಯವರು, ಕಾರಣ ತಿಳಿಯದ ರಕ್ತಸ್ರಾವವಿರುವವರು ಇದರಿಂದ ದೂರವಿರಬೇಕು. ಎರಡೂ ಹಾರ್ಮೋನ್ ಸೇರಿದ ಚಿಕಿತ್ಸೆ ವರ್ಷಗಟ್ಟಲೆ ಮುಂದುವರಿದಂತೆ ಸ್ತನ ಕ್ಯಾನ್ಸರಿನ ಅಪಾಯವೂ ಏರುತ್ತದೆ. ಯೌವನ ಉಳಿಸಿಕೊಳ್ಳಲು, ಮರೆವು ತಡೆಯಲು ಎಂದು ಇದನ್ನು ಮಾರುವವರನ್ನು ನಂಬಬಾರದು. 65 ದಾಟಿದ ಮೇಲೆ ಆರಂಭಿಸಿದವರಲ್ಲಿ ಮರೆವಿನ ಕಾಯಿಲೆ ಹೆಚ್ಚಿದ್ದೇ ಕಂಡಿದೆ. ಮತ್ತೊಂದು ಸ್ಥಳೀಯ ತೊಡಕೂ ಇದೆ. ಈ ಚಿಕಿತ್ಸೆಗೆ ರಕ್ತದೊತ್ತಡದ ತಪಾಸಣೆ, ಮ್ಯಾಮೋಗ್ರಾಂ (ಸ್ತನದ ಎಕ್ಸ್-ರೇ), ವರ್ಷಕ್ಕೊಮ್ಮೆ ವೈದ್ಯರ ಮರುಭೇಟಿ ಬೇಕು. ಹೊಸನಗರದ ಮೂಲೆಯ ಹಳ್ಳಿಯಿಂದ ಶಿವಮೊಗ್ಗಕ್ಕೆ ಬಂದುಹೋಗುವುದೆಂದರೆ ಒಂದು ದಿನದ ಕೂಲಿ ಹೋದಂತೆ, ಮಳೆಗಾಲದಲ್ಲಂತೂ ಕೇಳುವುದೇ ಬೇಡ. ಮರುಭೇಟಿ ಸಾಧ್ಯವಿಲ್ಲದವಳಿಗೆ ಚೀಟಿ ಬರೆದು ಕಳಿಸಿಬಿಡುವುದು ಚಿಕಿತ್ಸೆಯಲ್ಲ. ಹಳೇ ಚೀಟಿ ತೋರಿಸಿ ಮೆಡಿಕಲ್ ಶಾಪಿನಲ್ಲಿ ವರ್ಷಗಟ್ಟಲೆ ಮಾತ್ರೆ ಕೊಳ್ಳುವುದು ಹೆದರಿ ದೂರವಿರುವುದಕ್ಕಿಂತ ಕೆಟ್ಟದ್ದು.

2025ರ ನವೆಂಬರಿನಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯು ಈ ಔಷಧಗಳ ಮೇಲಿದ್ದ ಕಪ್ಪು ಚೌಕಟ್ಟಿನ (ಅತಿ ಗಂಭೀರ ಅಪಾಯಗಳನ್ನು ಸೂಚಿಸುವ) ಎಚ್ಚರಿಕೆಗಳಲ್ಲಿ ಬಹುಪಾಲನ್ನು ತೆಗೆಸುವುದಾಗಿ ಘೋಷಿಸಿತು. ಇನ್ನು ಜಾಹೀರಾತುಗಳ ಕಾಲ ಬರಬಹುದೆಂಬ ಅಳುಕು ನನಗಿದೆ. ಆದರೆ ಒಂದು ಔಷಧದ ಮಟ್ಟಿಗೆ ಆ ಎಚ್ಚರಿಕೆ ಹೋಗಬೇಕಾದದ್ದೇ ಆಗಿತ್ತು: ಯೋನಿಗೆ ಹಚ್ಚುವ ಕಡಿಮೆ ಪ್ರಮಾಣದ ಈಸ್ಟ್ರೋಜನ್ ಕ್ರೀಮ್. ಉರಿ, ಒಣಗುವಿಕೆ, ಪದೇ ಪದೇ ಮೂತ್ರದ ಸೋಂಕು, ಮದುವೆಮನೆಗೆ ಹೋಗಲೂ ಹಿಂಜರಿಯುವಂತೆ ಮಾಡುವ ಅವಸರದ ಮೂತ್ರ ಇವುಗಳಿಗೆ ಅದು ಉಪಕಾರಿ, ಮತ್ತು ರಕ್ತಕ್ಕೆ ಸೇರುವುದು ತೀರಾ ಅತ್ಯಲ್ಪ. ಡಬ್ಬಿಯೊಳಗಿನ ಹಾಳೆಯಲ್ಲಿ ಮಾತ್ರ ನುಂಗುವ ಮಾತ್ರೆಗಿರುವ ಎಚ್ಚರಿಕೆಗಳನ್ನೇ ಅಚ್ಚು ಹಾಕಿರುತ್ತಿದ್ದರು. ಆ ಹಾಳೆ ಓದಿ ಹೆದರಿ ಟ್ಯೂಬನ್ನು ಕಪಾಟಿಗೆ ಸೇರಿಸಿದವರಿದ್ದರೆ ಮುಂದಿನ ಸಲ ವೈದ್ಯರ ಬಳಿ ಹೋಗುವಾಗ ಹಾಳೆಯನ್ನೂ ಒಯ್ದು ಕೇಳಿ. ಸ್ತನ ಕ್ಯಾನ್ಸರ್ ಚಿಕಿತ್ಸೆ ಪಡೆದವರು ತಮ್ಮ ಕ್ಯಾನ್ಸರ್ ವೈದ್ಯರನ್ನೇ ಕೇಳಿ ನಿರ್ಧರಿಸಬೇಕು.