ಬಲಗಣ್ಣಿನ ಉಂಗುರ

ಬೈನಾಕ್ಯುಲರ್‌ನ ಬಲಗಣ್ಣಿನ ಉಂಗುರವನ್ನು ಮತ್ತೆ ಯಾರೋ ತಿರುಗಿಸಿದ್ದಾರೆ. ಯಾರೋ ಏನು ಬಂತು, ದೊಡ್ಡಪ್ಪನೇ.

ಮೈಸೂರಿನ ಕಾರಂಜಿ ಕೆರೆಗೆ ಹಕ್ಕಿ ನೋಡಲು ಮನೆಮಂದಿಯೆಲ್ಲ ಹೊರಟರೆ ಎರಡು ಅನಾಹುತ ಕಾದಿರುತ್ತವೆ. ಒಂದು ಮಂಗಳವಾರ. ಅವತ್ತು ಪಕ್ಕದ ಮೃಗಾಲಯದಂತೆ ಕೆರೆಗೂ ರಜೆ; ಚಿತ್ರಾನ್ನದ ಡಬ್ಬಿ ಸಮೇತ ಗೇಟು ಮುಟ್ಟಿ ವಾಪಸ್ಸು. ಮಿಕ್ಕ ದಿನಗಳ ಅನಾಹುತ ದೊಡ್ಡಪ್ಪ. ಪ್ರತಿ ಮನೆಯಲ್ಲೂ ಒಬ್ಬರು ಇರುತ್ತಾರೆ, ಕೆಲವು ಮನೆಗಳಲ್ಲಿ ಅವರ ಹೆಸರು ಸೋದರಮಾವ.

ಬೈನಾಕ್ಯುಲರ್ ಒಂದು, ಕಣ್ಣು ಹದಿನಾಲ್ಕು. ಅದರ ಮೇಲೆ ಬರೆದಿರುವ 8×42 ಅಂದರೆ ಎಂಟು ಪಟ್ಟು ಹತ್ತಿರ ತೋರಿಸುತ್ತದೆ, ಮುಂದಿನ ಗಾಜು 42 ಮಿ.ಮೀ. ಅಗಲ. (ಹತ್ತು ಪಟ್ಟಿನದು ತಂದರೆ ಕೈನಡುಕವೂ ಹತ್ತು ಪಟ್ಟು.) ಹೊಂದಿಸುವುದು ಕಷ್ಟವೇನಲ್ಲ. ನಡುವೆ ಮಡಚಿ, ಎರಡು ವೃತ್ತ ಒಂದಾಗುವವರೆಗೆ. ಬಲಗಣ್ಣು ಮುಚ್ಚಿ ನಡುಚಕ್ರದಿಂದ ಎಡಗಣ್ಣಿಗೆ ಸ್ಪಷ್ಟ ಮಾಡಿಕೊಳ್ಳಿ. ಆಮೇಲೆ ಎಡಗಣ್ಣು ಮುಚ್ಚಿ ಬಲಗಡೆಯ ಉಂಗುರ ತಿರುಗಿಸಿ. ಮುಗಿಯಿತು, ಇನ್ನು ಉಂಗುರದ ಸುದ್ದಿಗೇ ಹೋಗಬಾರದು. ಚಕ್ರ ಎರಡೂ ಕಣ್ಣಿಗೆ, ಉಂಗುರ ಬಲಗಣ್ಣಿಗೆ ಮಾತ್ರ. ಅದು ಕದಲಿದರೆ ಚಕ್ರ ಎಷ್ಟು ತಿರುಗಿಸಿದರೂ ಒಂದು ಕಣ್ಣಿಗೆ ಹೆಜ್ಜಾರ್ಲೆ ಹಕ್ಕಿ, ಇನ್ನೊಂದಕ್ಕೆ ಮಂಜು, ಎರಡಕ್ಕೂ ಸೇರಿ ತಲೆನೋವು.

ದೊಡ್ಡಪ್ಪನಿಗೆ ಇದನ್ನು ಹೇಳುವವರು ಯಾರು? ಟ್ರಾನ್ಸಿಸ್ಟರ್ ಕಾಲದವರು, ತಿರುಗುವಂಥದ್ದು ಇದ್ದರೆ ತಿರುಗಿಸಲೇಬೇಕು. ಧಾರವಾಡ ಸ್ಟೇಷನ್ ಹುಡುಕುವವರ ಹಾಗೆ ಕಿವಿ ಒಂದಿಷ್ಟು ವಾಲಿಸಿ, ಚಕ್ರ ಆ ಕಡೆ, ಉಂಗುರ ಈ ಕಡೆ. "ಏನೋ ಇದು, ಬರೀ ಮಸಕು!" ಕನ್ನಡಕ ಹಾಕಿಕೊಂಡೇ ನೋಡಿ, ರಬ್ಬರ್ ಬಟ್ಟಲು ಒಳಕ್ಕೆ ಒತ್ತಿ ಅಂದರೆ ಕನ್ನಡಕ ತೆಗೆದು ಜೇಬಿಗಿಡುತ್ತಾರೆ.

"ಆ ಒಣಮರ, ದೊಡ್ಡಪ್ಪ. ಗಡಿಯಾರದಲ್ಲಿ ಎರಡು ಗಂಟೆ ಇರೋ ಕಡೆ ಕೊಂಬೆ."

"ಈಗ ಇನ್ನೂ ಒಂಬತ್ತೂವರೆ ಕಣೋ."

ಹಕ್ಕಿಯಿಂದ ಕಣ್ಣು ಕೀಳದೆ ಗಾಜನ್ನು ಕಣ್ಣಿಗೆ ತರಬೇಕು. ಇವರು ಮೊದಲು ಗಾಜನ್ನು ನೋಡಿ, ಕಣ್ಣಿಗಿಟ್ಟು, ಆಮೇಲೆ ಕೆರೆಯಲ್ಲೆಲ್ಲ ಹುಡುಕುತ್ತಾರೆ. ಸಿಗುವುದು ಪೆಡಲ್ ಬೋಟಿನಲ್ಲಿ ಜಗಳವಾಡುತ್ತಿರುವ ಗಂಡ ಹೆಂಡತಿ. ಆಗ ಮಾತ್ರ ಫೋಕಸ್ ತಾನಾಗಿ ಕೂರುತ್ತದೆ, ಗಾಜು ಐದು ನಿಮಿಷ ಯಾರ ಕೈಗೂ ಬರುವುದಿಲ್ಲ.

ಅಷ್ಟರಲ್ಲಿ ನೀರಿನಿಂದ ಬರೀ ಕತ್ತೊಂದು ಮೇಲೇಳುತ್ತದೆ. ಮಕ್ಕಳು "ಹಾವು!" ಅಂತ ಕಿರುಚಿ, ಮೊಬೈಲ್ ಆ್ಯಪ್ ತೆರೆದು, ಸಿಗ್ನಲ್ ಇಲ್ಲ ಅಂತ ಕೈ ಮೇಲೆತ್ತಿ ನಿಲ್ಲುತ್ತವೆ. ದೊಡ್ಡಪ್ಪ ಬರಿಗಣ್ಣಲ್ಲೇ, ತಿರುಗಿಯೂ ನೋಡದಷ್ಟು ಸಲೀಸಾಗಿ, "ಹಾವಕ್ಕಿ" ಅನ್ನುತ್ತಾರೆ. ನೋಡೋಕೆ ಹಾಗೇ ಇರೋ ನೀರುಕಾಗೆಯ ಕೊಕ್ಕಿನ ತುದಿ ಕೊಕ್ಕೆ, ಇದರದು ಭರ್ಜಿ, ಮೀನನ್ನು ಇರಿಯುತ್ತೆ. ಗರಿ ನೀರು ಕುಡಿದು ಭಾರವಾಗಿ ಮೈಯೆಲ್ಲ ಮುಳುಗಿರುತ್ತೆ, ಅದಕ್ಕೇ ಆಮೇಲೆ ರೆಕ್ಕೆ ಹರಡಿ ಒಣಗಿಸೋದು. ತಮ್ಮೂರ ಕೆರೆ ಏರಿಯ ಮೇಲೆ ದನ ಕಾಯುತ್ತಾ ಕಲಿತ ಹೆಸರುಗಳು ಇವು; ಆ ಊರ ಕೆರೆಗಳಲ್ಲಿ ನೀರು ನಿಂತು ಎಷ್ಟು ವರ್ಷವಾಯಿತೋ. ಒಂದು ಗಳಿಗೆ ಯಾರೂ ಮಾತಾಡುವುದಿಲ್ಲ. ಹಾವಕ್ಕಿ ಒಣಮರವೇರಿ ರೆಕ್ಕೆ ಹರಡುತ್ತದೆ.

ಉಂಗುರ ಕದಲದಿರಲೆಂದು ಸುತ್ತಿದ್ದ ಇನ್ಸುಲೇಷನ್ ಟೇಪು ಅಷ್ಟರಲ್ಲಿ ದೊಡ್ಡಪ್ಪನ ಕಣ್ಣಿಗೆ ಬೀಳುತ್ತದೆ.

"ಇದೇನೋ ಕಸ ಅಂಟಿಕೊಂಡಿದೆ," ಅಂತ ಉಗುರಿನಿಂದ ಕೀಳತೊಡಗುತ್ತಾರೆ.